ಸುತ್ತಿಗೆ ಕಾಣದ ಬಿಲ್ಲೆ

ವೆಸ್ನಾ, ಸಸ್ಕಾಚೆವಾನ್
ಜನವರಿ ೧೨, ೧೯೮೬

ಪ್ರೀತಿಯ ಓರಿಸ್ಯಾ,

ನೀನು ಮನೆ ಬಿಟ್ಟು ಹೋದ ಮೇಲೆ ಗಂಡನಾದ ನನಗೆ ಹೀಗೆ ಕರೆಯುವ ಹಕ್ಕು ಉಳಿದಿದೆಯೋ ಗೊತ್ತಿಲ್ಲ. ಬೇರೆ ರೀತಿ ಬರೆದು ಅಭ್ಯಾಸವಿಲ್ಲ.

ಮುಂದಿನ ಸೋಮವಾರದಿಂದ ನಿನಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ, ಬೆಳಿಗ್ಗೆ ಐದೂವರೆಗೆ ಅಲ್ಲಿರಬೇಕು, ಆ ಹೊತ್ತಿಗೆ ಬಸ್ಸಿಲ್ಲ, ಟ್ರಕ್ ಬೇಕು ಎಂದು ನಿನ್ನ ತಂಗಿ ಫೋನಿನಲ್ಲಿ ಹೇಳಿದಳು. ಟ್ರಕ್ ನಿನ್ನದೇ, ನಿಮ್ಮಪ್ಪ ಕೊಟ್ಟದ್ದು. ಆದರೆ ಎಂಜಿನ್ ಬೆಚ್ಚಗಿಡುವ ಹೀಟರ್ ಇಲ್ಲದೆ ಅದು ಈ ಚಳಿಯಲ್ಲಿ ಏಳುವುದಿಲ್ಲ. ನೀನು ಹೀಟರ್ ತಂದುಕೊಟ್ಟು ನಾಲ್ಕು ಚಳಿಗಾಲವಾಯಿತು. ಎಂಜಿನ್ನಿನಲ್ಲಿ ಅದು ಕೂರಬೇಕಾದ ತೂತನ್ನು ಮುಚ್ಚಿರುವ ಉಕ್ಕಿನ ಬಿಲ್ಲೆ ಕಚ್ಚಿಕೊಂಡಿದೆ, ಬರುವುದೇ ಇಲ್ಲ ಎಂದು ನಾನು ಪ್ರತಿ ಸಲವೂ ಹೇಳಿದೆ.

ಶುಕ್ರವಾರ ಪಕ್ಕದ ಹೊಲದ ನೆಟ್ಟಿ ಅಜ್ಜಿಯನ್ನು ಕರೆದೆ. ಗಂಡ ಹೋದ ಮೇಲೆ ಅವರ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸುವವಳು ಅವಳೇ ಅಲ್ಲವೆ. ದೀಪ ಹಿಡಿದು ನೋಡಿದಳು.

"ಏನೋ ಮೈರನ್, ಬಿಲ್ಲೆ ಮೇಲಿನ ಕಂಪನಿ ಬಣ್ಣವೇ ಎದ್ದಿಲ್ಲವಲ್ಲೋ! ನಾಲ್ಕು ವರ್ಷ ಯಾತರಲ್ಲಿ ಹೊಡೆದೆ, ಕೋಳಿಪುಕ್ಕದಲ್ಲಾ?" ಅಂದಳು.

ನಾನು ನಗಲು ನೋಡಿದೆ. ಅವಳು ನಗಲಿಲ್ಲ. "ಆ ಹುಡುಗಿ ಚರ್ಚಿನಲ್ಲಿ ಹಾಡೋದು ಬಿಟ್ಟಳು, ಬೇಕರಿ ಕೆಲಸ ಬಿಟ್ಟಳು. ನೀನು ಡ್ರೈವರ್ ಆಗಿ ಮೆರೆದೆ" ಅಂದಳು.

ಹೌದು ಓರಿಸ್ಯಾ. ಒಂದು ಏಟೂ ಹಾಕಿರಲಿಲ್ಲ. ಚಳಿಗಾಲದಲ್ಲಿ ಎಲ್ಲಿಗೆ ಹೋಗಬೇಕಾದರೂ ನೀನು ನನ್ನ ಕಾರಿಗಾಗಿ ನನ್ನನ್ನು ಕೇಳಬೇಕಿತ್ತು. ಅದು ನನಗೆ ಹಿತವಾಗಿತ್ತು.

ಈಗ ಬಿಲ್ಲೆ ನಿಜವಾಗಿಯೂ ಕಚ್ಚಿಕೊಂಡಿತ್ತು. ಅಂಚಿಗೆ ಮೊಂಡು ಉಳಿ ಇಟ್ಟು ಹೊಡೆದರೆ ಬಿಲ್ಲೆ ಅಡ್ಡ ತಿರುಗಬೇಕು, ಇಕ್ಕಳ ಹಾಕಿ ಎಳೆಯಬೇಕು. ತಿರುಗಲಿಲ್ಲ. ಸಿಟ್ಟಿನಲ್ಲಿ ನಡುಮಧ್ಯೆ ಹೊಡೆದೆ, ಒಳಕ್ಕೇ ಬಿತ್ತು. "ಮಂಕೇ, ನಡುವೆ ಹೊಡೀಬೇಡ ಅಂದೆನಲ್ಲೋ!" ಎಂದು ಅಜ್ಜಿ ಸುತ್ತಿಗೆ ಕಿತ್ತುಕೊಂಡಳು. ತಂತಿಯ ಕೊಕ್ಕೆಯಲ್ಲಿ ಅದನ್ನು ಹೊರತೆಗೆಯಲು ಎರಡು ಗಂಟೆ ಹಿಡಿಯಿತು. ಆ ತೂತಿನಲ್ಲಿ ಎಂಜಿನ್ನಿನ ಒಳಗೋಡೆ ಅಡ್ಡ ಬಂದು ಹೀಟರ್ ಕೂರಲಿಲ್ಲ. ಅಲ್ಲಿಗೆ ಹೊಸ ಬಿಲ್ಲೆ ಬಡಿದು, ಪಕ್ಕದ ತೂತಿನ ಬಿಲ್ಲೆಯನ್ನು ಬಿಡಿಸಿದೆವು. ಅಜ್ಜಿಯ ಮೂರೇ ಏಟಿಗೆ ತಿರುಗಿತು; ಹೀಟರ್ ಅಲ್ಲಿ ಕೂತಿತು.

ಇವತ್ತು ಬೆಳಿಗ್ಗೆ ಮೈನಸ್ ಮೂವತ್ತಾರು. ಎರಡು ಗಂಟೆ ಕರೆಂಟಿಗೆ ಹಾಕಿಟ್ಟು ಕೀ ತಿರುಗಿಸಿದೆ; ಮೊದಲ ಸಲಕ್ಕೇ ಎದ್ದಿತು. ಶನಿವಾರ ಅಜ್ಜಿ ಟ್ರಕ್ ತಂದುಬಿಡುತ್ತಾಳೆ. ನಾನು ಬರುವುದಿಲ್ಲ.

ಇತಿ,
ಮೈರನ್

ತಾ.ಕ.: ಲಕೋಟೆ ಅಂಟಿಸಿದ್ದವನು ಮತ್ತೆ ಹರಿದೆ. ಮೇಲೆ ಬರೆದದ್ದು ಸುಳ್ಳು; ಬೆಳಿಗ್ಗೆ ಟ್ರಕ್ ಮೊದಲ ಸಲಕ್ಕೆ ಏಳಲಿಲ್ಲ. ಇನ್ನೆರಡು ಗಂಟೆ ಕಾಯಿಸಿದ ಮೇಲೆ, ಐದನೆಯ ಸಲಕ್ಕೆ ಎದ್ದಿತು. ನನ್ನ ಮಾತು ನಂಬಿದ್ದರೆ ಮೊದಲ ದಿನವೇ ನಿನ್ನ ಕೆಲಸ ತಪ್ಪುತ್ತಿತ್ತು. ಮಲಗುವ ಮುಂಚೆಯೇ ಪ್ಲಗ್ ಹಾಕಿಬಿಡು.