ನೋರಾ ಬದುಕಿಬಿಟ್ಟ ಸಿನಿಮಾ

ಪಾರ್ಮಾ, ಒಹಾಯೊ
ಅಕ್ಟೋಬರ್ ೧೪, ಮಂಗಳವಾರ

ಪ್ರೀತಿಯ ಅಪ್ಪ,

ಚೆನ್ನಾಗಿದ್ದೀಯಾ? ಮಂಡಿ ನೋವು ಹೇಗಿದೆ? ನಿನ್ನ ಪಾರ್ಸೆಲ್ ಬಂದು ಬಹಳ ದಿನವಾಯಿತು, ಈಗ ಉತ್ತರ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ನಿನ್ನ ಮೊಮ್ಮಗಳು ನನ್ನ ಎದೆಯ ಮೇಲಲ್ಲದೆ ಬೇರೆಲ್ಲೂ ಮಲಗುವುದಿಲ್ಲ. ಕೆಳಗಿಟ್ಟರೆ ಏಳುತ್ತಾಳೆ. ಏಳದಿದ್ದರೆ, ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ನಾನೇ ಎಬ್ಬಿಸುತ್ತೇನೆ. ನಿನ್ನೆ ಅವಳ ತೊಡೆಗೆ ಹಚ್ಚುವ ಮುಲಾಮಿನಿಂದ ಹಲ್ಲುಜ್ಜಿಕೊಂಡೆ. ಅರ್ಧ ಉಜ್ಜಿದ ಮೇಲೆ ಗೊತ್ತಾಯಿತು. ಮುಗಿಸಿಯೇ ಬಿಟ್ಟೆ.

ಪಾರ್ಸೆಲ್ ಸುರಕ್ಷಿತವಾಗಿ ಬಂತು. 'ನಗರದ ಕಿವಿ' ಕಾಮಿಕ್ಸಿನ ಹಳೆಯ ಪ್ರತಿ, ಹಿಂದೆ ರಟ್ಟು, ಮೇಲೆ ಪ್ಲಾಸ್ಟಿಕ್ ಕವರು, ಅದರ ಮೇಲೆ ನಿನ್ನ ಅಕ್ಷರ: "ಹೆಲೆನ್‌ಗೆ. ತೆರೆಯಬೇಡ." ನಾಲ್ಕು ತಿಂಗಳ ಕೂಸಿಗೆ ಇಂಥ ಅಪ್ಪಣೆ ಕೊಡುವ ಅಜ್ಜ ನೀನೊಬ್ಬನೇ ಇರಬೇಕು. ಅವಳು ತೆರೆದಿಲ್ಲ, ಮೂಲೆಯನ್ನು ಚೀಪಿದ್ದಾಳೆ, ಅಷ್ಟೆ. ಚೀಪಿದ್ದು ಕವರನ್ನು, ಪುಸ್ತಕವನ್ನಲ್ಲ. ಸಮಾಧಾನ ಮಾಡಿಕೋ.

ಬರೆಯಲು ಕೂತ ವಿಷಯವನ್ನು ಹೇಳಿಬಿಡುತ್ತೇನೆ. ಇಪ್ಪತ್ತಾರನೇ ತಾರೀಕು ಭಾನುವಾರ ಬೆಳಗ್ಗೆ ಹತ್ತಕ್ಕೆ ನಮ್ಮ ಚರ್ಚಿನಲ್ಲಿ ಹೆಲೆನ್‌ಳ ದೀಕ್ಷಾಸ್ನಾನ. ನೀನು ಬರಬೇಕು. ಅವಳು ಹುಟ್ಟಿದ ಮೇಲೆ ನೀನು ಒಮ್ಮೆಯೂ ಅವಳ ಮುಖ ನೋಡಿಲ್ಲ. ಫೋನಿನಲ್ಲಿ ಕರೆಯೋಣವೆಂದರೆ ಮಾತು ಆ ಪುಸ್ತಕದ ಸಿನಿಮಾದ ಕಡೆ ತಿರುಗಿದ ಕೂಡಲೇ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ನಿನ್ನ ಅಳಿಯ ಆ್ಯಂಟನ್ ಮಾಡಿದ್ದು ತಪ್ಪೇ, ಒಪ್ಪಿದೆ. ಕ್ರಿಸ್‌ಮಸ್ ಉಡುಗೊರೆಯೆಂದು ಅವನು ನಿನಗೆ 'ನಗರದ ಕಿವಿ'ಯನ್ನೇ ಕೊಟ್ಟ, ಅದೂ ಮುಖಪುಟದಲ್ಲಿ ಸಿನಿಮಾ ನಟನ ಹಲ್ಲು ಕಾಣುವ ಹೊಸ ಮುದ್ರಣ. ನಲವತ್ತು ವರ್ಷ ಕಾಮಿಕ್ಸ್ ಅಂಗಡಿ ನಡೆಸಿದವನಿಗೆ! ಅವನು ಪೈಪು ರಿಪೇರಿ ಮಾಡುವವರ ಮನೆಯಲ್ಲಿ ಬೆಳೆದವನು, ಅಪ್ಪ. ಒಳಗಿನ ಕಥೆ ಅದೇ ಇದ್ದರೆ ಪುಸ್ತಕವೂ ಅದೇ ಎಂದುಕೊಂಡಿದ್ದ. ನೀನು ಅದನ್ನು ಅಂಗಡಿಯ ಬಾಗಿಲಿಗೆ ಒಡ್ಡಾಗಿ ಇಟ್ಟಿರುವುದೂ ಅವನಿಗೆ ಗೊತ್ತು. "ಬಾಗಿಲು ಸರಿಯಾಗಿ ನಿಲ್ತಿದೆಯಂತಾ?" ಎಂದು ಕೇಳಿದ, ಅಷ್ಟೆ.

ಶನಿವಾರ ಡೆಲ್ಮರ್ ಮೇಷ್ಟ್ರು ಬಂದಿದ್ದರು. ಶಾಲೆಯಲ್ಲಿ ನನಗೆ ವಿಜ್ಞಾನ ಕಲಿಸಿದವರು ಈಗ ನಿನ್ನ ಅಂಗಡಿಯ ಸ್ಟೂಲಿಗೇ ಅಂಟಿಕೊಂಡಿದ್ದಾರೆಂದು ಗೊತ್ತಿತ್ತು, ನಮ್ಮ ಮನೆಗೆ ಬಂದದ್ದು ಇದೇ ಮೊದಲು. ಕೈಯಲ್ಲಿ ಅಕ್ರೋಟಿನ ರೋಲ್ ಹಿಡಿದು ಬಾಗಿಲಲ್ಲಿ ನಿಂತು ಅವರು ಆಡಿದ ಮೊದಲ ಮಾತು: "ನಿಮ್ಮಪ್ಪ ನನ್ನ ಕಳಿಸಿಲ್ಲ ಕಣಮ್ಮ."

ಒಳಗೆ ಬಂದರು, ಕನ್ನಡಕ ಒರೆಸಿಕೊಂಡು ಮಗುವನ್ನು ನೋಡಿದರು. ಆಮೇಲೆ, "ಮೂಗು ಯಾರದು ಅಂತ ಹೇಳ್ಲಿ? ಅಂದ್ರೆ, ಯಾರಾದ್ರೂ ಕೇಳಿದ್ರೆ," ಎಂದರು. ನಿನ್ನದೇ ಎಂದೆ. ಅವರ ಮುಖದಲ್ಲಿ ಮರುಕ ಕಂಡಿತು.

ಕಾಫಿ ಕುಡಿಯುತ್ತ ಅಂಗಡಿಯ ಸುದ್ದಿಯನ್ನೆಲ್ಲ ಹೇಳಿದರು. ಅದೇ ಕಥೆಯ ಹೊಸ ಟೀವಿ ಸರಣಿಯಲ್ಲಿ ಮುಖವಾಡ ಹಾಕಿಕೊಂಡಿರುವುದು ನಾಯಕನ ಮೊಮ್ಮಗಳು; ಅದಕ್ಕೆ ಅರ್ಧ ಗಿರಾಕಿಗಳು ಇನ್ನರ್ಧ ಗಿರಾಕಿಗಳ ಜೊತೆ ಮಾತು ಬಿಟ್ಟಿದ್ದಾರಂತೆ. ನೀನು ಮಾತ್ರ ಇಬ್ಬರಿಗೂ ಬೈಯುತ್ತೀಯಂತೆ. ಚಿಕ್ಕಂದಿನಲ್ಲಿ ಅದರ ಮಕ್ಕಳ ಕಾರ್ಟೂನನ್ನಷ್ಟೇ ನೋಡಿದ್ದ ಹುಡುಗಿಯೊಬ್ಬಳು ಬಂದು, ಪುಸ್ತಕ ತಿರುವಿಹಾಕಿ, "ಇದರಲ್ಲಿ ಮಾತಾಡೋ ನಾಯಿ ಎಲ್ಲಿ?" ಎಂದಳಂತೆ. ಮೊದಲು ಕೈ ತೊಳೆದುಕೊಂಡು ಬಾ ಎಂದೆಯಂತೆ. ಅವಳು ತೊಳೆದುಕೊಂಡು ಬಂದು, ನಿಂತೇ ಇಡೀ ಪುಸ್ತಕ ಓದಿ, ಕೊನೇ ಪುಟಕ್ಕೆ ಬಿಕ್ಕಿ ಬಿಕ್ಕಿ ಅತ್ತಳಂತೆ. ನೀನು ಬೆನ್ನು ತಿರುಗಿಸಿ ಕಪಾಟು ಜೋಡಿಸತೊಡಗಿದೆಯಂತೆ. ಎಲ್ಲವನ್ನೂ ತಪ್ಪು ಜಾಗದಲ್ಲಿಟ್ಟೆ ಎಂದರು ಮೇಷ್ಟ್ರು.

ಆಗ ಆ್ಯಂಟನ್ ಕೆಲಸದಿಂದ ಬಂದ. ಮೇಷ್ಟ್ರು ಅವನನ್ನು ಕೂರಲು ಬಿಡಲಿಲ್ಲ.

"ನೋಡಪ್ಪ, ನಾಯಿ ಮಾತಾಡಿದ್ದನ್ನ ಸಹಿಸ್ಕೊಂಡೆ. ಮೊಮ್ಮಗಳು ಹಾರಾಡೋದನ್ನೂ ಸಹಿಸ್ಕೊಂಡೇನು. ಆದ್ರೆ ಸಿನಿಮಾದಲ್ಲಿ ನೋರಾನ ಬದುಕಿಸಿದ್ದನ್ನ ಹೇಗೆ ಸಹಿಸ್ಕೊಳ್ಳಲಿ, ನೀನೇ ಹೇಳು."

"ಒಬ್ಬ ಹೆಂಗಸು ಬದುಕಿದ್ರೆ ನಿಮಗೇನ್ ತೊಂದ್ರೆ, ಮೇಷ್ಟ್ರೇ?"

"ಕಥೆಗೆ ತೊಂದ್ರೆ."

"ಕಥೆ ಏನೂ ದೂರು ಕೊಟ್ಟಿಲ್ವಲ್ಲ."

ಮೇಷ್ಟ್ರು ಒಂದು ಗಂಟೆ ವಿವರಿಸಿದರು. ಆ್ಯಂಟನ್ ಅಷ್ಟೂ ಹೊತ್ತು ರೋಲ್ ತಿಂದ. ಹೋಗುವಾಗ ಮೇಷ್ಟ್ರು ನನ್ನ ಕಿವಿಯಲ್ಲಿ, "ಹುಡುಗ ಒಳ್ಳೆಯವನೇ, ರುಚಿ ಮಾತ್ರ ಇಲ್ಲ," ಎಂದರು. ಅಷ್ಟನ್ನು ನಿನಗೆ ಹೇಳಿದರೋ ಇಲ್ಲವೋ.

ಅವರು ಹೋದ ಮೇಲೆ ಮಗುವಿಗೆ ಹಾಲು ಕುಡಿಸುತ್ತ ಅದೇ ಕಥೆ ಹೇಳಿದೆ, ನೀನು ನನಗೆ ಹೇಳುತ್ತಿದ್ದ ಹಾಗೆಯೇ. ಹೋವರ್ಡ್ ಎಂಬವನಿಗೆ ಇಡೀ ನಗರದಲ್ಲಿ ಯಾರು ಸಹಾಯಕ್ಕೆ ಕೂಗಿದರೂ ಕೇಳಿಸುತ್ತದೆ, ಕೇಳಿದ ಕಡೆಗೆ ಹಾರಿ ಹೋಗುತ್ತಾನೆ. ಅವನ ಹೆಂಡತಿ ನೋರಾ ಒಬ್ಬಳೇ ಮನೆಯಲ್ಲಿ ಕುಸಿದು ಬೀಳುತ್ತಾಳೆ. ಗಂಡನಿಗೆ ಬೇರೆ ಕೆಲಸವಿದೆಯೆಂದು ಕೂಗುವುದಿಲ್ಲ. ಕೊನೆಯ ಪುಟದಲ್ಲಿ ಒಂದು ಮಾತೂ ಇಲ್ಲ. ಅಲ್ಲಿಗೆ ಬಂದಾಗ ಹೆಲೆನ್ ಜೋರಾಗಿ ತೇಗಿದಳು. ಓದುಗರ ಅಭಿಪ್ರಾಯ ಕೇಳುತ್ತಿದ್ದೆಯಲ್ಲ, ಅವಳದನ್ನೂ ಸೇರಿಸಿಕೋ.

ನನಗೂ ಈಗ ಹೋವರ್ಡನ ಕಿವಿ ಬಂದಿದೆ, ಅಪ್ಪ. ಎದುರು ಮನೆಯ ನೀರಿನ ನಲ್ಲಿ ತೊಟ್ಟಿಕ್ಕುವುದೂ ಕೇಳಿಸುತ್ತದೆ. ಅವಳು ಅತ್ತರೆ ಹೆದರಿಕೆ, ಅಳದಿದ್ದರೆ ಇನ್ನೂ ಹೆದರಿಕೆ. ಇದು ಎಲ್ಲ ತಾಯಂದಿರಿಗೂ ಹೀಗೆಯೋ, ನನಗೆ ಮಾತ್ರವೋ, ಕೇಳೋಣವೆಂದರೆ ಅಮ್ಮ ಇಲ್ಲ. ನೀನಾದರೂ ಬಂದು, ನಾನು ಸಣ್ಣವಳಿದ್ದಾಗ ಅಮ್ಮ ಏನು ಮಾಡುತ್ತಿದ್ದಳು ಎಂದು ಹೇಳು.

ಆ್ಯಂಟನ್ ನಮಸ್ಕಾರ ಹೇಳಿದ್ದಾನೆ. ನಿನಗೆ ಒಳ್ಳೆಯದಾಗಲಿ, ಮಂಡಿ ಹಗುರಾಗಲಿ, ಮಗುವಿನ ತಲೆಯ ಮೇಲೆ ನಿನ್ನ ಕೈ ಬೀಳಲಿ.

ನಿನ್ನ
ರೋಸ್ಲಿನ್

ಮತ್ತೆ: ಕವರು ಅಂಟಿಸುವ ಮೊದಲು ಇದನ್ನೂ ಬರೆಯುತ್ತೇನೆ. ಆ ಸಿನಿಮಾವನ್ನು ಆ್ಯಂಟನ್‌ಗಿಂತ ಹೆಚ್ಚು ಮೆಚ್ಚಿದವಳು ನಾನು. ಅಮ್ಮ ಹೋಗಿ ಆಗಿನ್ನೂ ಆರು ತಿಂಗಳು. ತೆರೆಯ ಮೇಲೆ ನೋರಾ ಗಂಡನನ್ನು ಕೂಗಿದಳು, ಅವನು ಬಂದ. ನೀನು ಎದ್ದು ಹೊರಗೆ ಹೋದೆ. ನಾನು ಮುಂದಿನ ಆಟಕ್ಕೂ ಕೂತೆ. ನೋಡಲಾರದೆ ನೀನು ಎದ್ದುಹೋದದ್ದೂ, ಮತ್ತೆ ನೋಡಬೇಕೆಂದು ನಾನು ಕೂತದ್ದೂ ಒಂದೇ ಕಾರಣಕ್ಕೆ. ಅಮ್ಮ ಹೋದ ದಿನ ಬೆಳಗಿನಿಂದ ಅವಳಿಗೆ ಎದೆ ನೋವಿತ್ತು. ಅಂಗಡಿಗೆ ಫೋನ್ ಮಾಡಲೇ ಎಂದು ಪಕ್ಕದ ಮನೆಯ ಓಲ್ಗಾ ಕೇಳಿದಾಗ, "ಬೇಡ, ಇವತ್ತು ಬುಧವಾರ, ಹೊಸ ಪುಸ್ತಕ ಬರೋ ದಿನ, ಅವರಿಗೆ ಗಡಿಬಿಡಿ," ಎಂದಳಂತೆ. ಓಲ್ಗಾ ಇದನ್ನು ನಮ್ಮಿಬ್ಬರಿಗೂ ಹೇಳಿದ್ದಾಳೆ. ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲ, ಸಿನಿಮಾದ ಮೇಲೆ ಜಗಳವಾಡಿದ್ದೇವೆ. ಅಮ್ಮ ಕರೆದಿದ್ದರೆ ನೀನು ಡಬ್ಬಗಳನ್ನೆಲ್ಲ ಬೀದಿಯಲ್ಲೇ ಬಿಟ್ಟು ಓಡಿಬರುತ್ತಿದ್ದೆ. ಅದರಲ್ಲಿ ನನಗೆ ಅನುಮಾನವಿಲ್ಲ. ನಾನು ಅವಳಷ್ಟು ಒಳ್ಳೆಯವಳಲ್ಲ, ಅಪ್ಪ. ನಿನಗೆ ಎಷ್ಟೇ ಗಡಿಬಿಡಿ ಇರಲಿ, ಕರೆಯುತ್ತಿದ್ದೇನೆ. ಬಾ.