ಅಜ್ಜಯ್ಯನಿಗೆ ಕೊಟ್ಟ ಮಾತು, ಬಂಡೆಗುಂಡಿಯ ಮೀನು

ಪ್ರೀತಿಯ ಅಜ್ಜಯ್ಯ,

ಇವತ್ತು ನಿಮ್ಮ ವರ್ಷದ ತಿಥಿ ಮುಗಿಯಿತು. ವಡೆ ಚೆನ್ನಾಗಿತ್ತು, ಪಾಯಸಕ್ಕೆ ಬೆಲ್ಲ ಜಾಸ್ತಿಯಾಗಿತ್ತು. ನೀವಿದ್ದಿದ್ದರೆ ಎರಡನೇ ಸಲ ಹಾಕಿಸಿಕೊಂಡು ಬೈಯುತ್ತಿದ್ದಿರಿ. ಊಟ ಮಾಡಿ ಎಲ್ಲರೂ ಉರುಳಿಕೊಂಡಿದ್ದಾರೆ. ಕಣದಲ್ಲಿ ಕಾಫಿ ಒಣಗಲು ಹರವಿದೆ, ಮೋಡ ಕಂಡರೆ ಟಾರ್ಪಾಲು ಎಳೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಾಗಾಗಿ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಾನೇ ನಿಮಗೆ ಹೇಳಬೇಕಾದ ಒಂದು ವಿಷಯ ಇದೆ. ನಿಮಗೆ ಕೊಟ್ಟ ಮಾತಿಗೆ ಸಂಬಂಧಿಸಿದ್ದು. ನೇರವಾಗಿ ಅಲ್ಲಿಗೇ ಹೋಗುವಷ್ಟು ಧೈರ್ಯ ಇನ್ನೂ ಬಂದಿಲ್ಲ, ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ.

ಬೆಳಿಗ್ಗೆ ಸ್ನಾನ ಮುಗಿಸಿ ನೀವು ನಮ್ಮ ಕಳಸದ ಹೊಳೆಗೆ ಇಳಿಯುತ್ತಿದ್ದದ್ದು ನೆನಪಾಗುತ್ತಿದೆ. ಒಂದು ಕೈಯಲ್ಲಿ ನನ್ನ ಕೈ, ಇನ್ನೊಂದರಲ್ಲಿ ಅಕ್ಕಿಯ ಬಟ್ಟಲು. ಕಲ್ಲಿನ ಮೆಟ್ಟಿಲ ಮೇಲೆ ನಮ್ಮ ನೆರಳು ಬೀಳುವುದೇ ತಡ, ದೇವರ ಮೀನುಗಳು ಗುಂಪು ಕಟ್ಟಿಕೊಂಡು ಬಾಯಿ ತೆರೆಯುತ್ತಿದ್ದವು. ಹೊಳೆಯ ಆ ಗುಂಡಿಯಲ್ಲಿ ಯಾರೂ ಗಾಳ ಹಾಕುತ್ತಿರಲಿಲ್ಲ. "ಇದು ದೊಡ್ಡದು, ಇದು ಇದರ ಮಗ, ಇದು ಹೊಟ್ಟೆಬಾಕ" ಎಂದು ನೀವು ಪರಿಚಯ ಮಾಡಿಕೊಡುತ್ತಿದ್ದಿರಿ. ಮೂವತ್ತು ವರ್ಷ ಶಾಲೆಯಲ್ಲಿ ಹಾಜರಿ ಕೂಗಿದ ಮೇಷ್ಟ್ರಲ್ಲವೇ, ಮೀನುಗಳನ್ನೂ ಬಿಡಲಿಲ್ಲ. ನನಗೆ ಮೀನಿನ ಹುಚ್ಚು ಹಿಡಿದದ್ದು ಯಾವ ಪುಸ್ತಕದಿಂದಲೂ ಅಲ್ಲ, ನಿಮ್ಮಿಂದಲೇ. ಆಮೇಲೆ ನನ್ನನ್ನೇ ಕೇಳಿದಿರಲ್ಲ, "ಎಂಥ ಓದು ಮಾರಾಯ್ತಿ ಅದು?" ಎಂದು!

ಆ ಸಂಜೆ ಮನೆಯಲ್ಲಿ ಎಷ್ಟು ಗಲಾಟೆ! ನಾನು ಘಟ್ಟದ ಕೆಳಗಿನ ವಿಶ್ವವಿದ್ಯಾಲಯದಲ್ಲಿ ಸಾಗರ ಜೀವಶಾಸ್ತ್ರದ ಎಂ.ಎಸ್ಸಿ.ಗೆ ಸೇರುತ್ತೇನೆ ಎಂದಾಗ ಅಮ್ಮ ಒಲೆಯ ಮುಂದಿನಿಂದಲೇ, "ಮೀನು ಕೊಯ್ಯೋಕೆ ಇಷ್ಟು ಓದ್ಬೇಕಾ?" ಅಂದಳು. ನೀವು ಅಡಿಕೆ ಕತ್ತರಿಸುತ್ತ ಕೂತಿದ್ದಿರಿ. ಕೊನೆಗೆ ಹೇಳಿದಿರಿ: "ಹೋಗ್ಲಿ ಬಿಡಿ. ಆದ್ರೆ ಪುಟ್ಟೀ, ಒಂದು ಮಾತು ಕೊಡು. ನಿನ್ನ ಕೈಯಾರೆ ಒಂದು ಮೀನನ್ನೂ ಕೊಲ್ಲಕೂಡ್ದು." ನಾನು ಹಿಂದೆಮುಂದೆ ನೋಡದೆ ನಿಮ್ಮ ಅಂಗೈ ಮೇಲೆ ಕೈ ಇಟ್ಟೆ. ಆ ವಯಸ್ಸಿನಲ್ಲಿ ಯಾವ ಮಾತು ತಾನೇ ಭಾರ ಅನ್ನಿಸುತ್ತದೆ? ಆಮೇಲೆ ಫೋನು ಮಾಡಿ, ಬಂದರಿನಿಂದ ತಂದ ಸತ್ತ ಮೀನನ್ನು ಪ್ರಾಕ್ಟಿಕಲ್‌ನಲ್ಲಿ ಕೊಯ್ಯಬಹುದಾ ಎಂದು ಕೇಳಿದ್ದೆ. ಒಂದು ದಿನ ಸಮಯ ಕೇಳಿ, ಮರುದಿನ ನ್ಯಾಯಾಧೀಶರ ಹಾಗೆ ತೀರ್ಪು ಕೊಟ್ಟಿರಿ. ಸತ್ತದ್ದು ಕೊಯ್ಯಬಹುದು, ಮನೆಗೆ ಬಂದರೆ ಮೊದಲು ತಲೆಗೆ ಸ್ನಾನ.

ಮೊದಲ ಸಲ ಪಾಠದ ಮೇಡಂ ನಮ್ಮ ತರಗತಿಯನ್ನು ಕಡಲಿಗೆ ಕರೆದುಕೊಂಡು ಹೋದ ದಿನದ ಕತೆ ನಿಮಗೆ ಎಷ್ಟು ಸಲ ಹೇಳಿದರೂ ಸಾಕಾಗುತ್ತಿರಲಿಲ್ಲ. ನೀರು ಹಿಂದೆ ಸರಿದು ಬಂಡೆಗಳೆಲ್ಲ ಮೇಲೆ ಬಂದಿದ್ದವು. ಬಂಡೆಗಳ ನಡುವೆ ಉಳಿದ ನೀರಿನ ಗುಂಡಿಗಳಲ್ಲಿ ಏನೇನಿದೆ ಎಂದು ನೋಡಿ ಬರೆಯುವುದು ನಮ್ಮ ಕೆಲಸ. ಕರಾವಳಿಯ ಹುಡುಗರು ಚಪ್ಪಲಿ ಕೈಯಲ್ಲಿ ಹಿಡಿದು ಬಂಡೆಯಿಂದ ಬಂಡೆಗೆ ಹಾರುತ್ತಿದ್ದರು, ನಾನು ಪಾಚಿಗೆ ಜಾರಿ ಮೊದಲ ಹೆಜ್ಜೆಗೇ ಕೂತೆ. ಕೂತಲ್ಲೇ ಒಂದು ಗುಂಡಿಯಲ್ಲಿ ಬೆರಳುದ್ದದ ಮೀನು ಕಂಡಿತು. ಅಭ್ಯಾಸಬಲ ನೋಡಿ, ಚೀಲದಲ್ಲಿ ತಿಂಡಿಗೆಂದು ಇಟ್ಟುಕೊಂಡಿದ್ದ ಮಂಡಕ್ಕಿಯನ್ನು ಒಂದು ಹಿಡಿ ತೆಗೆದು ಎರಚಿಯೇಬಿಟ್ಟೆ! ಮೀನು ಹೆದರಿ ಬಿರುಕಿನೊಳಗೆ ಸೇರಿಕೊಂಡಿತು. ಮೇಡಂ ಓಡಿ ಬಂದು, "ಇದೇನು ದೇವಸ್ಥಾನದ ಕೆರೆಯಾ?" ಎಂದು ಎಲ್ಲರ ಮುಂದೆ ಬೈದರು. ಸಂಜೆ ಫೋನಿನಲ್ಲಿ ಅದನ್ನು ಕೇಳಿ ನೀವು ಕೆಮ್ಮು ಬರುವವರೆಗೆ ನಕ್ಕಿರಿ. ನನಗೂ ಅಳು ಹೋಗಿ ನಗು ಬಂತು.

ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಕಡಲು ಬಹಳ ಇಳಿಯುತ್ತದೆ, ನಮ್ಮ ಫೀಲ್ಡ್ ವರ್ಕ್ ಆ ದಿನಗಳಲ್ಲೇ ಇರುತ್ತದೆ ಎಂದು ಹೇಳಿದಾಗ ನಿಮಗೆ ಆದ ಸಂತೋಷ! "ಪರ್ವದ ದಿನ ಬಿಟ್ಟು ಬೇರೆ ದಿನ ಸಮುದ್ರ ಮುಟ್ಟಬಾರದು ಅಂತ ಶಾಸ್ತ್ರ. ನಿಮ್ಮ ಮೇಡಂ ಶಾಸ್ತ್ರ ಓದಿದವರೇನೆ?" ಅಂದಿರಿ. ಅವರು ಓದಿದ್ದು ಉಬ್ಬರ ಇಳಿತದ ಪಟ್ಟಿಯನ್ನು ಎಂದರೆ ನಂಬಲೇ ಇಲ್ಲ. ಅಲ್ಲಿಂದ ಮುಂದೆ ಗೋಡೆಯ ಪಂಚಾಂಗ ನೋಡಿ ಕಳಸದಿಂದ ನೀವೇ ಫೋನು ಮಾಡಿ ಎಬ್ಬಿಸತೊಡಗಿದಿರಿ. "ಏಳು ಕೂಸೇ, ಇವತ್ತು ಅಮಾಸೆ, ನಿನ್ನ ಸಮುದ್ರ ಹಿಂದೆ ಹೋಗಿರುತ್ತೆ." ಹಾಸ್ಟೆಲಿನ ಹುಡುಗಿಯರು ನಿಮಗೆ ಅಲಾರಾಂ ಅಜ್ಜ ಎಂದು ಹೆಸರಿಟ್ಟಿದ್ದರು. ಈಗ ಮೊಬೈಲು ಎಬ್ಬಿಸುತ್ತದೆ. ಏಳುತ್ತೇನೆ, ಆದರೆ...

ಕಣ್ಣಿನ ಆಪರೇಶನ್ ಆದ ಮೇಲೆ ಡಾಕ್ಟರಿಗೆ ತೋರಿಸಲು ಘಟ್ಟ ಇಳಿದು ಬಂದಿದ್ದಿರಿ. ಮರುದಿನ ಹುಣ್ಣಿಮೆ. ಬಿಟ್ಟು ಹೋಗಲು ಮನಸ್ಸಾಗದೆ ನಿಮ್ಮನ್ನೂ ಕರೆದುಕೊಂಡು ಹೋದೆ. ಕಪ್ಪು ಕನ್ನಡಕ, ಮೊಣಕಾಲವರೆಗೆ ಎತ್ತಿ ಕಟ್ಟಿದ ಪಂಚೆ. ಬಂಡೆಯ ಮೇಲೆ ನಾನು ಪೈಪಿನ ಚೌಕಟ್ಟು ಇಟ್ಟು, ಅದರೊಳಗಿನ ಚಿಪ್ಪು ಜೀವಿಗಳನ್ನು ಎಣಿಸಿ, ಒಂದನ್ನೂ ಅಲುಗಿಸದೆ ಎದ್ದೆ. "ಹೀಗೂ ಓದಬಹುದಲ್ಲ!" ಎಂದು ಹೆಮ್ಮೆಯಿಂದ ಹೇಳಿದಿರಿ. ಹೂವಿನ ಹಾಗೆ ಅರಳಿ, ಬೆರಳು ತಾಗಿದರೆ ಮುದುಡುವ ಪ್ರಾಣಿಯನ್ನು ತೋರಿಸಿದಾಗ, "ಕ್ಷಮಿಸಪ್ಪ" ಎಂದು ಅದಕ್ಕೇ ಹೇಳಿದಿರಿ.

ಅಷ್ಟರಲ್ಲಿ ಆಚೆ ದಡದಲ್ಲಿ ಮೀನುಗಾರರು ಬಲೆ ಎಳೆದರು. ಮರಳಿನ ಮೇಲೆ ಬೆಳ್ಳಗೆ ಮೀನಿನ ರಾಶಿ ಪಟಪಟ ಒದ್ದಾಡುತ್ತಿತ್ತು. ನಾನು ನೋಡುನೋಡುತ್ತಿದ್ದಂತೆ ನೀವು ಹೋಗಿ ಒಂದು ಮೀನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನೀರಿಗೆ ಬಿಟ್ಟಿರಿ. ಇನ್ನೊಂದಕ್ಕೆ ಬಗ್ಗಿದಾಗ ಹಗ್ಗ ಹಿಡಿದಿದ್ದವರಲ್ಲಿ ಒಬ್ಬರು ನಗುತ್ತಲೇ ಕೇಳಿದರು: "ಅಜ್ಜ, ಎಲ್ಲ ಬಿಟ್ರೆ ನಾವು ಎಂತ ತಿನ್ನುವುದು ಮಾರಾಯ್ರೆ?" ಬಗ್ಗಿದ್ದ ನೀವು ಬರಿಗೈಯಲ್ಲಿ ಎದ್ದಿರಿ. ಆಮೇಲೆ, "ತಪ್ಪು ತಿಳೀಬೇಡ ಮಾರಾಯ, ಕೈ ಸುಮ್ನಿರ್ಲಿಲ್ಲ" ಎಂದು ಹೇಳಿ ವಾಪಸು ಬಂದಿರಿ.

ಸಂಜೆ ಕಳಸದ ಬಸ್ಸಿನಲ್ಲಿ ನಾನೂ ಜೊತೆಗಿದ್ದೆ. ಘಟ್ಟದ ತಿರುವುಗಳು ಶುರುವಾದವು. ಆಮೇಲೆ, "ಅವ್ನು ಕೇಳಿದ್ದು ಸುಳ್ಳಲ್ಲ" ಅಂದಿರಿ. ಸ್ವಲ್ಪ ಬಿಟ್ಟು, "ಪುಟ್ಟೀ, ಅವತ್ತು ನಿನ್ನ ಹತ್ರ ಮಾತು ತಗೊಂಡೆನಲ್ಲ, ಅದು..." ಎಂದು ಶುರು ಮಾಡಿದಿರಿ. ಅಷ್ಟಕ್ಕೇ ಹೊಟ್ಟೆ ತೊಳಸಿ ಕಿಟಕಿಗೆ ತಲೆ ಹಾಕಿದಿರಿ. ನಿಂಬೆಹಣ್ಣು ಮೂಸಿಸಿ ಮಲಗಿಸಿದೆ. ಕುದುರೆಮುಖ ದಾಟಿದ ಮೇಲೆ ಎಚ್ಚರವಾದರೂ ನೀವು ಮತ್ತೆ ಆ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕೇಳಿದರೆ "ಅದು ಇನ್ನೂ ಗಟ್ಟಿಯಾಗಿರಲಿ" ಅಂದುಬಿಟ್ಟರೆ ಎಂಬ ಹೆದರಿಕೆ. ಮುಂದಿನ ತಿಂಗಳು ನೀವು ನಿದ್ದೆಯಲ್ಲೇ ಹೊರಟುಹೋದಿರಿ.

ಈಗ ವಿಷಯಕ್ಕೆ ಬರುತ್ತೇನೆ. ಅಜ್ಜಯ್ಯ, ನನಗೆ ಪಿಎಚ್.ಡಿ.ಗೆ ಸೀಟು ಸಿಕ್ಕಿದೆ. ನಾವು ಎಸೆಯುವ ಪ್ಲಾಸ್ಟಿಕ್ಕು ಪುಡಿಪುಡಿಯಾಗಿ ಬಂಡೆಗುಂಡಿಗಳ ಸಣ್ಣ ಮೀನುಗಳ ಹೊಟ್ಟೆ ಸೇರಿದೆಯಾ ಎಂದು ನೋಡುವ ಕೆಲಸ. ಆ ಮೀನುಗಳನ್ನು ಯಾರೂ ತಿನ್ನುವುದಿಲ್ಲ, ಯಾವ ಬಂದರಿನಲ್ಲೂ ಸತ್ತು ಸಿಗುವುದಿಲ್ಲ. ಹೊಟ್ಟೆಯೊಳಗಿರುವುದನ್ನು ಹೊರಗಿನಿಂದ ನೋಡುವ ದಾರಿಯೂ ನನಗೆ ಸಿಗಲಿಲ್ಲ. ಬೇರೆ ವಿಷಯ ತೆಗೆದುಕೊಳ್ಳಬಹುದಿತ್ತು, ಮೇಡಂ ಕೂಡ ಹಾಗೆಂದರು. ಬೇಡ ಅಂದವಳು ನಾನು. ಆ ಗುಂಡಿಗಳಿಗೆ ಏನಾಗುತ್ತಿದೆ ಎಂದು ತಿಳಿಯದೆ ಇರಲು ನನ್ನಿಂದ ಆಗಲಿಲ್ಲ.

ಹೋದ ಹುಣ್ಣಿಮೆಯ ಬೆಳಿಗ್ಗೆ ಕೈಬಲೆಯಲ್ಲಿ ಒಂದು ಮೀನು ಹಿಡಿದೆ. ನೀರಿಗೆ ಲವಂಗದೆಣ್ಣೆ ಹಾಕಿ, ನೋವು ತಿಳಿಯದ ಹಾಗೆ ಮಲಗಿಸಿ ಸಾಯಿಸುವುದು ನಮ್ಮ ಪದ್ಧತಿ. ನೀವು ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿ ಇಟ್ಟುಕೊಳ್ಳುತ್ತಿದ್ದ ಅದೇ ಎಣ್ಣೆ, ಅದೇ ವಾಸನೆ. ಡಬ್ಬಿಯಲ್ಲಿ ಮೀನು ಒಂದು ಸುತ್ತು ಈಜಿತು, ವಾಲಿತು, ಕಿವಿರು ಆಡುವುದು ನಿಧಾನವಾಗಿ ನಿಂತಿತು. ಜೊತೆಯವರು ಮುಂದಿನ ಗುಂಡಿಗೆ ಹೋದರು. ನಾನು ಡಬ್ಬಿ ಹಿಡಿದುಕೊಂಡು ಅತ್ತೆ. ಆಮೇಲೆ ಮೂಗು ಒರೆಸಿಕೊಂಡು ಇನ್ನೊಂದು ಹಿಡಿದೆ.

ಇವತ್ತು ಊಟಕ್ಕೆ ಕೂತಾಗ ಇದನ್ನೆಲ್ಲ ಅಮ್ಮನಿಗೂ ಚಿಕ್ಕಮ್ಮನಿಗೂ ಹೇಳಿದೆ. ಚಿಕ್ಕಮ್ಮ, "ಅಯ್ಯೋ, ಬಸ್ಸಲ್ಲಿ ಅವ್ರು ಅದನ್ನೇ ಹೇಳೋಕೆ ಹೊರಟಿದ್ದು ಕಣೇ. ಮಾತು ವಾಪಸ್ ತಗೊಂಡೆ ಅಂತ. ನೀನ್ಯಾಕೆ ಮುಖ ಸಣ್ಣ ಮಾಡ್ತಿ?" ಅಂದಳು. ಅಮ್ಮನೂ ಹೌದೆಂದಳು. ಎಷ್ಟು ಸುಲಭ ಅಲ್ಲವೇ? ಒಂದು ಕ್ಷಣ ನನಗೂ ಎದೆ ಹಗುರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನೀವು ಅರ್ಧಕ್ಕೆ ಬಿಟ್ಟ ಮಾತನ್ನು ನನಗೆ ಅನುಕೂಲವಾಗುವ ಹಾಗೆ ಮುಗಿಸಲು ನಾನ್ಯಾರು? ನೀವು ಬಾಯಿಬಿಟ್ಟು ಪೂರ್ತಿ ಹೇಳಿದ್ದು ಒಂದೇ ಮಾತು, ಕೊಲ್ಲಬೇಡ ಅಂತ.

ಮುಂದಿನ ಅಮಾವಾಸ್ಯೆಗೆ ಮತ್ತೆ ಹೋಗುತ್ತೇನೆ ಅಜ್ಜಯ್ಯ, ಮತ್ತೆ ಹಿಡಿಯುತ್ತೇನೆ. ನೀವು ಒಪ್ಪಿದ್ದಿರಿ ಎಂದು ಯಾರ ಹತ್ತಿರವೂ ಹೇಳುವುದಿಲ್ಲ. ಯಾರಾದರೂ ಕೇಳಿದರೆ ಇಷ್ಟೇ ಹೇಳುತ್ತೇನೆ: ನಮ್ಮ ಅಜ್ಜಯ್ಯ ಬೇಡ ಅಂದಿದ್ದರು, ಕೊಂದವಳು ನಾನು.

ನಿಮ್ಮ
ಪುಟ್ಟಿ