ಇಬ್ಬರೂ ಬಿಟ್ಟುಕೊಟ್ಟ ಊರು

ಗುರುವಾರ, ಮಾರ್ಚ್ ಹನ್ನೆರಡು

ಪ್ರಿಯ ಮುಳುಗಪ್ಪನಿಗೆ ಚಿಮುಕಪ್ಪನ ವಂದನೆಗಳು.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ತಡವಾದದ್ದಕ್ಕೆ ಕ್ಷಮಿಸು. ಕ್ಷಮೆಯ ಬಗ್ಗೆ ನಲವತ್ತು ಪ್ರಸಂಗ ಮಾಡಿದವನು ನೀನು, ಈಗ ಜಾರಿಕೊಳ್ಳುವಂತಿಲ್ಲ. ನನ್ನ ಮಂಡಿನೋವು ಕ್ಷೇಮ. ನಾನೂ ಪರವಾಗಿಲ್ಲ. ಮುಖ್ಯಕಚೇರಿಯವರು ಮೆಟ್ಟಿಲ ಕೆಳಗಿನ ಕೋಣೆ ಕೊಟ್ಟು, ಹಳೆಯ ವರದಿಗಳನ್ನು ವರ್ಷವಾರು ಜೋಡಿಸಲು ಹೇಳಿದ್ದಾರೆ. ತಲೆಯ ಮೇಲೆ ದಿನವಿಡೀ ಬೂಟುಗಳ ಮೆರವಣಿಗೆ.

ನೆನೆದರೆ ನಗು ಬರುತ್ತದೆ. ದೀಕ್ಷಾಸ್ನಾನಕ್ಕೆ ಜನರನ್ನು ಪೂರ್ತಿ ಮುಳುಗಿಸುವ ನಿನ್ನ ಕ್ರೈಸ್ತ ಸಭೆ ಒಂದು ದೇಶದ್ದು, ತಲೆಗೆ ನಾಲ್ಕು ಹನಿ ಚಿಮುಕಿಸುವ ನನ್ನ ಸಭೆ ಇನ್ನೊಂದು ದೇಶದ್ದು. ಮೂರನೆಯ ದೇಶದ ಬಂದರಿನಲ್ಲಿ, ಒಂದೇ ಪ್ರಾರ್ಥನಾಲಯದಲ್ಲಿ, ಎಂಟಕ್ಕೆ ನೀನು, ಹತ್ತಕ್ಕೆ ನಾನು. ಹನ್ನೊಂದು ವರ್ಷ! ಜನ ಮಾತ್ರ ಜಾಣರು. ನಿನ್ನ ಪ್ರಸಂಗ ಉದ್ದವಾಗುವ ಸೂಚನೆ ಕಂಡರೆ ಎದ್ದು ಹೋಗಿ, ಹತ್ತಕ್ಕೆ ನನ್ನಲ್ಲಿ ಹಾಜರು.

ಆಮೇಲೆ ಜಂಟಿ ಸಮಿತಿ ಅವತರಿಸಿತು. ಏಳು ದೇಶಗಳ ಸಭೆಗಳು ಮೂರು ದಿನ ಚರ್ಚಿಸಿ, ಊರಿಗೊಬ್ಬನೇ ಸಭಾಪಾಲಕ ಸಾಕು, ಯಾರೆಂಬುದನ್ನು ಸಹೋದರರೇ ಪ್ರೀತಿಯಿಂದ ನಿರ್ಧರಿಸಲಿ ಎಂದು ಠರಾವು ಮಾಡಿ, ಅದನ್ನು ನಮ್ಮ ಕೊರಳಿಗೆ ಕಟ್ಟಿದವು. ನಾವು ಮಾಡಿದ್ದೇನು? ಪಕ್ಕಪಕ್ಕದ ಮನೆಗಳಲ್ಲಿ ಕೂತು, ಒಬ್ಬರಿಗೊಬ್ಬರು ತುಟಿ ಬಿಚ್ಚದೆ, "ಅವನೇ ಇರಲಿ, ನನ್ನನ್ನು ಕರೆಸಿಕೊಳ್ಳಿ" ಎಂದು ನಮ್ಮ ನಮ್ಮ ಕಚೇರಿಗೆ ಬರೆದೆವು. ಛಾವಣಿ ಸೋರುತ್ತದೆ ಎಂದರೆ ಮೂರು ವರ್ಷ ಬಾಯಿ ಬಿಡದ ಕಚೇರಿಗಳು ಈ ಸಲ ಎಂಟೇ ದಿನದಲ್ಲಿ ಒಪ್ಪಿಗೆ ಕಳಿಸಿದವು, ಮೆಚ್ಚುಗೆಯ ಪತ್ರದ ಸಮೇತ!

ಹಡಗುಕಟ್ಟೆಯಲ್ಲಿ ಇಬ್ಬರ ಟ್ರಂಕುಗಳೂ ಮುಖಾಮುಖಿಯಾದಾಗಲಾದರೂ ಬುದ್ಧಿ ಬರಬೇಕಿತ್ತು. "ದೇವರ ಚಿತ್ತ ಕಣಯ್ಯಾ" ಅಂದೆ ನೀನು. "ಹೌದಪ್ಪಾ, ದೇವರ ಚಿತ್ತ" ಅಂದೆ ನಾನು. ಪಾಪ ದೇವರು.

ಈಗ ಪ್ರಾರ್ಥನಾಲಯದ ಬೀಗ ತೆಗೆಯುವ ಅಜ್ಜಿ ನನಗೆ ಬರೆದಿದ್ದಾಳೆ. ಅವಳ ಮಾತಲ್ಲೇ ಕೇಳು: "ತಟ್ಟೇಲಿ ಉಳಿದ ಕೊನೇ ತುತ್ತನ್ನ ನೀನು ತಿನ್ನು, ನೀನು ತಿನ್ನು ಅಂತ ಉಪಚಾರ ಮಾಡಿ ಹಳಸೋಕೆ ಬಿಟ್ರಲ್ಲ! ಅರವತ್ಮೂರು ಜನ ಭಾನುವಾರ ಬರ್ತೀವಿ, ಒಬ್ರ ಮುಖ ಒಬ್ರು ನೋಡ್ಕೊಂಡು ಮನೆಗೆ ಹೋಗ್ತೀವಿ. ದೋಣಿ ರಿಪೇರಿಯವನ ಹೆಂಡತಿ ದೀಕ್ಷಾಸ್ನಾನಕ್ಕೆ ಕಾಯ್ತಾ ಕೂತಿದಾಳೆ. ಮುಳುಗಿಸ್ತೀರೋ ಚಿಮುಕಿಸ್ತೀರೋ, ಯಾರಾದ್ರೂ ಒಬ್ರು ಬನ್ರಪ್ಪಾ!"

ಸಮಿತಿಯ ಅಧ್ಯಕ್ಷರಿಗೆ ಫೋನ್ ಮಾಡಿದೆ. ಈ ತಿಂಗಳ ಕೊನೆಯೊಳಗೆ ನಮ್ಮಲ್ಲೊಬ್ಬರು ಹಿಂದಿರುಗಲು ಒಪ್ಪದಿದ್ದರೆ ಪ್ರಾರ್ಥನಾಲಯ ಮುಚ್ಚುತ್ತಾರಂತೆ. ಜನ ಆಚೆ ದಡದ ಸಭೆಗೆ ಹೋಗಬೇಕಂತೆ, ದೋಣಿಯಲ್ಲಿ ಎರಡು ಗಂಟೆ.

"ಇಬ್ಬರೂ ಸಮಾಲೋಚಿಸಿ ತಿಳಿಸಿ" ಅಂದರು.

"ಸ್ವಾಮಿ, ಅದನ್ನು ಮಾಡದ್ದೇ ನಮ್ಮ ರೋಗ" ಅಂದೆ.

ಪಕ್ಕದಲ್ಲಿ ನನ್ನವಳು ಗುಡುಗುತ್ತಿದ್ದಾಳೆ: "ಮತ್ತೆ 'ನೀನೇ ಹೋಗು' ಅಂತ ಬರೀರಿ, ಪೆನ್ನು ಕಿತ್ತು ಒಲೆಗೆ ಹಾಕ್ತೀನಿ!" ಆದರೂ ಧರ್ಮ ಬಿಡಲಾದೀತೆ? ನಿನ್ನ ಕಂಠ ದೊಡ್ಡದು, ಮಂಡಿ ಗಟ್ಟಿ, ಆ ಜನರ ಭಾಷೆಯೂ ನನಗಿಂತ ನಿನಗೇ ಚೆನ್ನಾಗಿ ಬರುತ್ತದೆ. ನೀನೇ ಹೋಗು.

ಕರ್ತನು ನಿನ್ನ ಮನೆಯವರನ್ನೂ ನಿನ್ನ ಮುಗಿಯದ ಪ್ರಸಂಗಗಳನ್ನೂ ಕಾಯಲಿ.

ಇತಿ ನಿನ್ನ
ಚಿಮುಕಪ್ಪ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದೆ. ಮೇಲೆ 'ನೀನೇ ಹೋಗು' ಎಂದ ಸಾಲುಗಳನ್ನು ಹೊಡೆದುಹಾಕು, ಸುಳ್ಳು. ಅಂದು ನಾನು ಬಿಟ್ಟುಕೊಟ್ಟದ್ದು ದೊಡ್ಡ ಮನಸ್ಸಿನಿಂದಲ್ಲ. "ಹೋಗಬೇಡ" ಎಂದು ಯಾರಾದರೂ ಹೇಳುತ್ತಾರೆ ಎಂದು ಕಾದೆ. ಬೇರೆ ಯಾರೂ ಅಲ್ಲದಿದ್ದರೆ ನೀನಾದರೂ ಹೇಳುತ್ತೀ ಅಂದುಕೊಂಡಿದ್ದೆ. ಹಡಗು ಹತ್ತಿ ತಿರುಗಿ ನೋಡಿದರೆ, ನಿನ್ನ ಹಡಗಿಗೆ ಕಾಯುತ್ತ ಕಟ್ಟೆಯ ಮೇಲೆ ನಿಂತ ನೀನು ನಗುನಗುತ್ತ ಟೋಪಿ ಬೀಸುತ್ತಿದ್ದೆ. ಈಗ ಅನ್ನಿಸುತ್ತದೆ, ನಾನೂ ನಿನಗೆ ಆ ಮಾತು ಹೇಳಲಿಲ್ಲವಲ್ಲ. ನನಗೆ ಆ ಊರು ಬೇಕು. ಹೋಗುತ್ತೇನೆ ಎಂದು ಸಮಿತಿಗೆ ಬರೆದು ಇದರೊಂದಿಗೇ ಅಂಚೆಗೆ ಹಾಕುತ್ತಿದ್ದೇನೆ. ನಿನಗೂ ಬೇಕಿದ್ದರೆ ಜಗಳಕ್ಕೆ ಬಾ. ದಮ್ಮಯ್ಯ, ಈ ಸಲ ಬಿಟ್ಟುಕೊಡಬೇಡ.